ತಿರುಗಿಸಿಟ್ಟ ಸೀಟು

ಬಾಡಿಗೆ ಸೈಕಲ್ ಸವಾರರಿಗೆ ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಸೈಕಲ್ ಕೆಟ್ಟಿದ್ದರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಸೀಟನ್ನು ಹಿಂದುಮುಂದಾಗಿ ತಿರುಗಿಸಿ ಹೋಗಬೇಕು. ಆಮೇಲೆ ಬಂದವರು ಅದನ್ನು ಮುಟ್ಟುವುದಿಲ್ಲ; ರಿಪೇರಿ ಅಕ್ಕ ವ್ಯಾನಿನಲ್ಲಿ ಬಂದು ಒಯ್ಯುತ್ತಾಳೆ.

ಈ ಅಕ್ಕನ ಕೈ ಎಷ್ಟು ಚುರುಕೋ ಬಾಯಿ ಅಷ್ಟೇ ಜೋರು. ಅಂಥವಳಿಗೂ ಅಂಚೆ ಕಚೇರಿ ಎದುರಿನ ಸ್ಟ್ಯಾಂಡ್ ತಲೆನೋವಾಯಿತು. ಸೋಮವಾರ ಅಲ್ಲೊಂದು ಸೀಟು ತಿರುಗಿತ್ತು. ಒಯ್ದು ಬಿಚ್ಚಿ ನೋಡಿದರೆ ಚೈನು, ಬ್ರೇಕು, ಗಾಳಿ ಎಲ್ಲ ಸರಿ! ಬುಧವಾರವೂ ಅದೇ ಕತೆ.

"ಯಾವನೋ ನನ್ ಜೊತೆ ಆಟ ಆಡ್ತಿದಾನೆ. ಕೈಗೆ ಸಿಗ್ಲಿ, ಚಳಿ ಬಿಡಿಸ್ತೀನಿ" ಎಂದು ಹಲ್ಲು ಕಡಿದಳು.

ಗುರುವಾರ ಮತ್ತೆ ಸೀಟು ತಿರುಗಿದ್ದು ಕಂಡು ವ್ಯಾನಿನಲ್ಲೇ ಕಾದು ಕೂತಳು. ಐದು ಗಂಟೆಗೆ ಕಚೇರಿ ಬಿಟ್ಟ ಜನ ಮುಗಿಬಿದ್ದು ಇದ್ದಬದ್ದ ಸೈಕಲ್‌ಗಳನ್ನೆಲ್ಲ ತೆಗೆದುಕೊಂಡು ಹೋದರು. ಉಳಿದದ್ದು ಅದೊಂದೇ. ಆಗ ಎದುರಿನ ಕನ್ನಡಕದ ಅಂಗಡಿಯ ಮುದುಕ ಏದುಸಿರು ಬಿಡುತ್ತ ಬಂದ. ಗಾಜು ಒರೆಸುವ ಬಟ್ಟೆಯಿಂದ ಸೀಟು ಒರೆಸಿ, ನೆಟ್ಟಗೆ ತಿರುಗಿಸಿಕೊಂಡ.

"ಏನ್ರೀ ಯಜಮಾನ್ರೇ! ಈ ವಯಸ್ಸಲ್ಲಿ ಇಂಥ ಕಿತಾಪತಿನಾ?"

ಮುದುಕ ಬೆಚ್ಚಿಬಿದ್ದ. "ತಪ್ಪಾಯ್ತಮ್ಮ. ನಾಳೆ ಎಷ್ಟು ಬೇಕಾದ್ರೂ ಬೈಯಿ. ಆರಕ್ಕೆ ಆಸ್ಪತ್ರೇಲಿ ನೋಡೋಕೆ ಬರೋರಿಗೆ ಬಾಗಿಲು ಹಾಕ್ತಾರೆ."

ಹೆಂಡತಿಗೆ ಮಂಡಿ ಆಪರೇಷನ್ ಆಗಿದೆ. ದಿನವೂ ನಡೆಯದಿದ್ದರೆ ಮಂಡಿ ಹಾಗೇ ಬಿಗಿದುಬಿಡುತ್ತದೆ ಎಂದಿದ್ದಾರೆ ಡಾಕ್ಟರು. ಆಕೆಗೋ ನೋವಿಗಿಂತ ಭಯವೇ ಹೆಚ್ಚು. ನರ್ಸು ಎಷ್ಟು ಕರೆದರೂ ಏಳಳು. ಹಿಡಿದುಕೊಳ್ಳಲು ಗಂಡನ ಕೈಯೇ ಬೇಕು. ಈ ಗಿಜಿಗಿಜಿಯಲ್ಲಿ ಬಸ್ಸು ನಂಬಿದರೆ ಗಂಟೆ ಏಳಾಗುತ್ತದೆ.

"ಸೋಮವಾರ, ನಿನ್ನೆ, ಎರಡು ದಿನಾನೂ ಇಟ್ಟ ಸೈಕಲ್ ಇರ್ಲಿಲ್ಲ. ಓಡ್ಕೊಂಡು ಹೋದೆ, ಬಾಗಿಲು ಹಾಕಿತ್ತು. ಆ ಎರಡು ದಿನ ಅವಳು ಮಂಚ ಬಿಟ್ಟು ಇಳಿದಿಲ್ಲ."

ಒಯ್ದವಳು ತಾನೇ. ಅಕ್ಕ ದಾರಿ ಬಿಟ್ಟು ಸರಿದಳು.

"ಹೋಗಿ ತಾತ, ಮಾತು ಆಮೇಲೆ. ಹೋಗಿ!"

ಮರುದಿನ ಯಾವ ಸೀಟೂ ತಿರುಗಿರಲಿಲ್ಲ. ಮುದುಕ ನಾಚಿಕೊಂಡಿರಬೇಕು. ಅಕ್ಕ ಅತ್ತಿತ್ತ ನೋಡಿ, ಒಳ್ಳೆಯದೊಂದು ಸೈಕಲ್ ಆರಿಸಿ, ಚೈನಿಗೆ ಎಣ್ಣೆ ಬಿಟ್ಟು, ಕಳ್ಳಿಯ ಹಾಗೆ ತಾನೇ ಸೀಟು ತಿರುಗಿಸಿದಳು. ದಿನಾ ಅದೇ ಕೆಲಸವಾಯಿತು.

ಮೂರನೆಯ ವಾರ ಒಂದು ದಿನ, ಅವಳು ತಿರುಗಿಸಿಟ್ಟ ಸೀಟು ಮಾರನೆಯ ದಿನವೂ ಹಾಗೇ ಇತ್ತು. ಅದರ ಮಾರನೆಯ ದಿನವೂ. ಕನ್ನಡಕದ ಅಂಗಡಿಗೆ ಬೀಗ. ಅಕ್ಕಪಕ್ಕದವರನ್ನು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ತಿಳಿಯದೆಯೂ ಇರಲಾರಳು, ಪಾಪ. ಅಂಗಡಿಯವರೆಗೆ ಹೋಗುವುದು, ಬೀಗ ನೋಡುವುದು, ಹಿಂದಿರುಗುವುದು. ತಿಂಗಳಿಗೂ ಹೆಚ್ಚು ಕಾಲ ಹೀಗೇ ಕಳೆಯಿತು.

ಒಂದು ಸಂಜೆ ಬಂದು ನೋಡುತ್ತಾಳೆ, ಎರಡು ಸೀಟು ತಿರುಗಿವೆ. ಅಕ್ಕಪಕ್ಕದಲ್ಲೇ. ಒಂದರ ಸೀಟನ್ನು ಕೈಲಾದಷ್ಟೂ ಕೆಳಗಿಳಿಸಿದ್ದಾರೆ.

ಅಂಗಡಿ ತೆರೆದಿತ್ತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಪುಟ್ಟ ಮುದುಕಿ ಕೋಲೆತ್ತಿ ಕರೆದಳು. ಹಿಂದೆ ಮುದುಕ ಬಾಯ್ತುಂಬ ನಗುತ್ತಿದ್ದ.

"ನನ್ ಗಂಡನಿಗೆ ಸೈಕಲ್ ಬಚ್ಚಿಡ್ತಿದ್ದ ಕಳ್ಳಿ ನೀನೇನಾ? ಇವರು ಅಂಗಡಿ ಮುಚ್ಚಿ ಇಷ್ಟು ದಿನ ಮನೇಲಿ ನನ್ನ ನಡೆಸಿದ್ರು; ಈಗ ದಿನಾ ಸೈಕಲ್ ತುಳೀಬೇಕಂತೆ, ಡಾಕ್ಟ್ರು ಹೇಳಿದಾರೆ. ಬಾ ಮಗಳೇ, ಆ ಸೀಟು ಇನ್ನೊಂದು ಚೂರು ಇಳಿಯತ್ತಾ ನೋಡು. ಕಾಲು ನೆಲಕ್ಕೆ ಎಟುಕಬೇಕು ನಂಗೆ. ಭಯ ಇನ್ನೂ ಪೂರ್ತಿ ಹೋಗಿಲ್ಲ."

ಬಾಯಿಜೋರಿನ ಅಕ್ಕ ಸ್ಪ್ಯಾನರ್ ತರುವ ನೆಪ ಮಾಡಿ ವ್ಯಾನಿಗೆ ಓಡಿ, ಕಣ್ಣೊರೆಸಿಕೊಂಡು ಬಂದಳು.