ಎರಡನೆಯ ಹಿಡಿ

ವರ್ಷಗಟ್ಟಲೆ ಕೂತು ಮಾಡಿದ ಕೆಲಸ ತಪ್ಪಾಗಿರಲಿ ಎಂದು ಯಾರಾದರೂ ದೇವರನ್ನು ಬೇಡಿಕೊಳ್ಳುತ್ತಾರೆಯೇ? ಕೊಟ್ಟಿಗೆಹಾರದ ನಿಖತ್ ಬೇಡಿಕೊಂಡಳು. ಅದೂ ಮನಸಾರೆ, ಎರಡೂ ಕೈಯೆತ್ತಿ.

ಅವಳ ತಂದೆ ಅಬ್ದುಲ್ಲಾ ಕಾಫಿ ವ್ಯಾಪಾರಿ. ಸುತ್ತಲಿನ ಸಣ್ಣ ಬೆಳೆಗಾರರ ಕಾಫಿ ಕೊಂಡು ಸಿಪ್ಪೆ ತೆಗೆದು ಹಸನು ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಸಾಗಿಸುವವರು. ಈ ಸಲದ ಕೊಯ್ಲಿನಲ್ಲಿ ಎದೆ ಹಿಡಿದುಕೊಂಡಾಗ ಗ್ಯಾಸ್ ಎಂದರು, ಸೋಡಾ ಕುಡಿದರು, ಲಾರಿ ತುಂಬುವವರೆಗೆ ಜಾಗ ಬಿಟ್ಟು ಕದಲಲಿಲ್ಲ. ಊರವರ ಮೂಟೆಗೆಲ್ಲ ಕೈಹಾಕಿ ಒಳಗೇನಿದೆ ಎಂದು ನೋಡುವ ಮನುಷ್ಯ ತನ್ನ ಎದೆಯನ್ನು ಒಬ್ಬ ಡಾಕ್ಟರಿಗೆ ತೋರಿಸಬಾರದಿತ್ತೇ? ಈಗ ಹೇಳಿ ಏನು ಪ್ರಯೋಜನ! ಘಟ್ಟ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೃದಯದ ಮುಂಭಾಗಕ್ಕೆ ರಕ್ತ ನಿಂತು ಬಹಳ ಹೊತ್ತಾಗಿತ್ತು. ಡಾಕ್ಟರು ನಿಖತ್‌ಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಭಾಗ ಸೋತು ಮಲಗಿದ್ದರೆ ಆಪರೇಷನ್ ಮಾಡಿ ರಕ್ತ ಹರಿಸಬಹುದು, ಮತ್ತೆ ಎದ್ದೀತು. ಸತ್ತೇ ಹೋಗಿದ್ದರೆ ಎದೆ ಕೊಯ್ದೂ ಫಲವಿಲ್ಲ, ಮಾತ್ರೆಯಲ್ಲಿ ಎಷ್ಟು ದಿನ ನಡೆಯುತ್ತದೋ ಅಷ್ಟು. ಮಾಮೂಲಿ ಸ್ಕ್ಯಾನಿನಲ್ಲಿ ಎರಡರಲ್ಲಿ ಯಾವುದೆಂದು ಖಚಿತವಾಗಲಿಲ್ಲ.

ಅದನ್ನು ಖಚಿತ ಮಾಡುವುದೇ ಮಂಗಳೂರಿನ ಲ್ಯಾಬಿನಲ್ಲಿ ನಿಖತ್‌ಳ ಸಂಶೋಧನೆ. ಹಣೆಬರಹ ನೋಡಿ! ರಕ್ತಕ್ಕೆ ಚೂರು ವಿಕಿರಣದ ಮದ್ದು ಸೇರಿಸುತ್ತಾರೆ. ಅದು ಹೃದಯಕ್ಕೆ ಹೇಗೆ ಬಂತು, ಎಲ್ಲಿ ತಂಗಿತು, ಎಲ್ಲಿಂದ ಜಾರಿಹೋಯಿತು ಎಂದು ಕ್ಷಣಕ್ಷಣದ ಚಿತ್ರ ಕಟ್ಟಬೇಕು. ಜೀವವಿರುವ ಕಡೆ ಅದು ತಂಗುತ್ತದೆ, ಸತ್ತ ಕಡೆ ನಿಲ್ಲದೆ ಜಾರಿಹೋಗುತ್ತದೆ. ಚಿತ್ರದ ಚುಕ್ಕೆ ಚುಕ್ಕೆಗೂ ಬೇರೆ ಬೇರೆ ಲೆಕ್ಕ ಬಿಡಿಸುತ್ತ ಹೋದರೆ ಕಂಪ್ಯೂಟರಿಗೆ ದಿನಗಳೇ ಹಿಡಿಯುತ್ತವೆ. ಅಷ್ಟು ಕಾಯುವ ಪುರುಸೊತ್ತು ಯಾವ ಆಸ್ಪತ್ರೆಗಿದೆ? ಮದ್ದು ಒಂದೇ ರೀತಿ ಏರಿಳಿಯುವ ಚುಕ್ಕೆಗಳನ್ನು ಒಟ್ಟು ಕಟ್ಟಿ, ಗುಂಪಿಗೊಂದೇ ಲೆಕ್ಕ ಮಾಡುವ ದಾರಿಯನ್ನು ನಿಖತ್ ಕಂಡುಕೊಂಡಿದ್ದಳು. ಅದು ಅವಳಿಗೆ ಹೊಳೆದದ್ದು ಅಪ್ಪನನ್ನು ನೋಡಿ. ಮೂಟೆ ಸುರಿದು ಬೀಜ ಬೀಜ ಆರಿಸುತ್ತ ಕೂತರೆ ವ್ಯಾಪಾರ ಆದ ಹಾಗೆಯೇ ಎಂದು ಅವರು ಒಂದು ಹಿಡಿ ತೆಗೆದು ಸಿಪ್ಪೆ ಬಿಡಿಸಿ ಇಡೀ ಮೂಟೆಯ ಗುಣ ಹೇಳುತ್ತಿದ್ದರು.

ಗೈಡ್ ಕೃತಿಕಾ ಮೇಡಂ ಡಾಕ್ಟರ ಒಪ್ಪಿಗೆ ಪಡೆದು ಅಬ್ದುಲ್ಲಾರ ಸ್ಕ್ಯಾನಿನ ಮಾಹಿತಿಯನ್ನು ತಂದುಕೊಟ್ಟರು. ನಿಖತ್ ತನ್ನ ಪ್ರೋಗ್ರಾಮಿಗೆ ಅದನ್ನು ಹಾಕಿ ಊಟಕ್ಕೆ ಹೋದಳು. ಬಂದಾಗ ಚಿತ್ರ ಸಿದ್ಧವಾಗಿತ್ತು. ಹೃದಯದ ಮುಂಭಾಗ ಪೂರಾ ಕಪ್ಪು. ಮದ್ದು ಅಲ್ಲಿಗೆ ಬಂದಿತ್ತು, ತಂಗದೆ ಹೊರಟುಹೋಗಿತ್ತು.

ನಿಖತ್ ಎರಡೂ ಕೈಯೆತ್ತಿ, ಈ ಲೆಕ್ಕ ತಪ್ಪಾಗಿರಲಿ ಎಂದು ಬೇಡಿಕೊಂಡಳು. ಹಿಂದಿನ ವರ್ಷ ಒಬ್ಬ ಹಿರಿಯ ಪ್ರೊಫೆಸರು ತುಂಬಿದ ಸಭೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದ್ದರು. ಜೀವವಿರುವ ತೆಳ್ಳನೆಯ ಪದರವೊಂದು ಸತ್ತ ಚುಕ್ಕೆಗಳ ಗುಂಪಿನಲ್ಲಿ ಸಿಕ್ಕಿಕೊಂಡರೆ ನಿನ್ನ ಅವಸರದ ಲೆಕ್ಕಕ್ಕೆ ಅದು ಕಾಣುತ್ತದೆಯೇ ಎಂದು ಕೇಳಿದ್ದರು. ಅವತ್ತು ಅವರ ಜೊತೆ ಜಗಳಕ್ಕೇ ಬಿದ್ದಿದ್ದಳು. ಈಗ ಅದೇ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಳೆಯ ನಿಧಾನದ ಲೆಕ್ಕವನ್ನೂ ಮಾಡಿಸೋಣ ಮೇಡಂ, ಒಂದು ಚುಕ್ಕೆಯನ್ನೂ ಬಿಡದೆ, ಎಂದಳು. ಮೇಡಂ ಅವಳ ಮುಖ ನೋಡಿ ಎದುರಾಡಲಿಲ್ಲ. ಕಂಪ್ಯೂಟರುಗಳನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟು, ಇಲ್ಲಿ ಕೂತು ಒದ್ದಾಡಬೇಡ, ಊರಿಗೆ ಹೋಗಿ ಬಾ ಎಂದು ಕಳಿಸಿದರು.

ಮನೆಯಲ್ಲಿ ಅಮ್ಮಿ ಕುಬ್ರಾ ಆಪರೇಷನ್ ಆದ ಮೇಲಿನ ಪಥ್ಯದ ಮಾತಿನಲ್ಲಿದ್ದಳು. ಬೇಗದ್ದೊಂದು, ನಿಧಾನದ್ದೊಂದು, ಎರಡು ಲೆಕ್ಕ ಹಾಕುತ್ತಿದ್ದೇವೆ, ಇನ್ನೂ ಮುಗಿದಿಲ್ಲ ಎಂದಷ್ಟೇ ನಿಖತ್ ಹೇಳಿದಳು. ಆಮೇಲೆ ಅಬ್ಬನಿಗೂ ಅದನ್ನೇ ಹೇಳಲು ಗೋದಾಮಿಗೆ ಹೋದಳು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅಬ್ದುಲ್ಲಾ ಕುರ್ಚಿಯಲ್ಲಿ ಕೂತು ತಿಮ್ಮಪ್ಪ ಎಂಬ ಬೆಳೆಗಾರರ ಕಾಫಿ ನೋಡುತ್ತಿದ್ದರು. ತೆಗೆದ ಹಿಡಿಯಲ್ಲಿ ಜೊಳ್ಳು ಬಹಳವಿತ್ತು. ತಿಮ್ಮಪ್ಪನವರ ಮುಖ ಇಳಿದದ್ದೇ ತಡ, ಅಬ್ದುಲ್ಲಾ ಯಾರೂ ಕೇಳದಿದ್ದರೂ ಇನ್ನೊಂದು ಮೂಟೆಯ ಅಡಿಯಿಂದ ಎರಡನೆಯ ಹಿಡಿ ತೆಗೆಸಿದರು. ಅದರಲ್ಲೂ ಅಷ್ಟೇ ಜೊಳ್ಳು. ಹೀಗೆ ಎರಡು ಸಲ ನೋಡುವುದು ಅವರ ಹಳೆಯ ಪದ್ಧತಿ. ಉಳಿದ ವ್ಯಾಪಾರಿಗಳು ಇದಕ್ಕೇ ಅವರನ್ನು ಆಡಿಕೊಳ್ಳುತ್ತಿದ್ದರು.

ತಿಮ್ಮಪ್ಪ ಹೋದ ಮೇಲೆ ನಿಖತ್ ಕೇಳಿದಳು.

"ಅಬ್ಬಾ, ಎರಡನೇ ಹಿಡೀಲಿ ಯಾವತ್ತಾದ್ರೂ ಬೇರೆ ಬಂದಿದ್ದುಂಟಾ?"

"ಬರದೆ ಏನು? ಕಣದಲ್ಲಿ ಒಣಗೋದೇ ಹಾಗೆ, ಮೇಲೊಂದು ತರ, ಅಡೀಲೊಂದು ತರ. ಅದಕ್ಕೇ ತೆಗೆಯೋದು."

ಆ ಒಂದು ಮಾತನ್ನು ಕಟ್ಟಿಕೊಂಡು ಅವಳು ಚಾರ್ಮಾಡಿ ಘಾಟಿ ಇಳಿದಳು. ಬಸ್ಸಿನ ತಿರುವು ತಿರುವಿಗೂ ಆಸೆ ಬೆಳೆಯಿತು. ಓದಿದವಳು, ಎಲ್ಲ ತಿಳಿದವಳು, ಆದರೂ ಪಾಪ, ಮಗಳಲ್ಲವೇ.

ಮಂಗಳೂರಿನಲ್ಲಿ ಮೇಡಂ ಎರಡೂ ಚಿತ್ರಗಳನ್ನು ತೆರೆದಿಟ್ಟರು. ಒಂದರಲ್ಲಿ ಇನ್ನೊಂದನ್ನು ಕಳೆದು ನೋಡಿದರು. ಪರದೆಯ ಮೇಲೆ ಹೇಳಿಕೊಳ್ಳುವಂಥದ್ದೇನೂ ಉಳಿಯಲಿಲ್ಲ. ಎಷ್ಟು ಚೆನ್ನಾಗಿ ಕೂತಿದೆ ನೋಡೇ ಎಂದು ಮೇಡಂ ಸಂತೋಷದಿಂದ ಕೂಗಿದವರು, ಅದು ಯಾರ ಹೃದಯ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಈ ದಿನಕ್ಕಾಗಿ ನಿಖತ್ ಎಷ್ಟು ಕನಸು ಕಂಡಿದ್ದಳು! ತನ್ನ ಲೆಕ್ಕ ಗೆದ್ದ ದಿನ ಇಡೀ ಲ್ಯಾಬಿಗೆ ಸಿಹಿ ಹಂಚಬೇಕು ಎಂದುಕೊಂಡಿದ್ದಳು. ಈಗ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ಕೊಟ್ಟಿಗೆಹಾರದಲ್ಲಿ ಬಸ್ಸಿಳಿದಾಗ ಅಬ್ದುಲ್ಲಾ ಮಂಜಯ್ಯನ ಹೋಟೆಲಿನ ಬೆಂಚಿನಲ್ಲಿ ಸ್ವೆಟರ್ ಹಾಕಿಕೊಂಡು ಕಾಯುತ್ತಿದ್ದರು. ಎರಡೂ ಲೆಕ್ಕ ಒಂದೇ ಬಂತಾ ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಅವರ ಮುಖ ಅರಳಿತು.

"ಹಾಗಾದ್ರೆ ನಿನ್ನ ಕೆಲಸ ಗೆದ್ತಲ್ಲ ಬೇಟಾ! ನಂಗೆ ಗೊತ್ತಿತ್ತು."

ಮಗಳಿಗೆ ಬಿಸಿಬಿಸಿ ನೀರುದೋಸೆ ಹೇಳಿದರು, ತಲೆಯ ಮೇಲೆ ಕೈಯಿಟ್ಟರು. ಅಷ್ಟಕ್ಕೇ ಉಬ್ಬಸ ಬಂತು. ಸುಧಾರಿಸಿಕೊಂಡು, ಪಕ್ಕದವರಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದರು.

"ಈಗ ಹೇಳು. ಒಂದೇ ಬಂತಲ್ಲ, ಏನು ಬಂತು?"

ನಿಖತ್ ಹೇಳಿದಳು. ಮುಂಭಾಗ ಸತ್ತಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂಬುದನ್ನು ಹೇಳಲು ಹೆಚ್ಚು ಮಾತು ಬೇಕಾಗಲಿಲ್ಲ. ಅಬ್ದುಲ್ಲಾ ರಸ್ತೆಯನ್ನೇ ನೋಡುತ್ತ ಕೂತರು. ಘಟ್ಟದ ಕಡೆಗೆ ಲಾರಿಗಳು ಒಂದರ ಹಿಂದೊಂದು ಹೋದವು.

"ಅಮ್ಮಿಗೆ ಏನಂತ ಹೇಳ್ಲಿ ಅಬ್ಬಾ?"

"ಲೆಕ್ಕ ಇನ್ನೂ ನಡೀತಿದೆ ಅನ್ನು. ಇಂಥ ಲೆಕ್ಕ ಬಹಳ ನಿಧಾನ ಅನ್ನು."

"ಎಷ್ಟು ದಿನ ಹಾಗೆ ಹೇಳೋದು?"

"ನಾನಿರೋವರೆಗೆ," ಎಂದರು ಅಬ್ದುಲ್ಲಾ.

ಮನೆಯ ಬಾಗಿಲಲ್ಲೇ ಅಮ್ಮಿ ಏನಾಯಿತೆಂದು ಕೇಳಿದಳು. ಇನ್ನೂ ಮುಗಿದಿಲ್ಲ ಅಮ್ಮಿ, ಬಹಳ ನಿಧಾನ ಎಂದಳು ನಿಖತ್. ಅಮ್ಮಿ ಅವಳ ಕೈಯಿಂದ ಬ್ಯಾಗು ತೆಗೆದುಕೊಂಡಳು.

"ನಿಧಾನವಾಗ್ಲಿ ಬಿಡು ಬೇಟಾ. ಸರಿಯಾಗಿ ಬಂದ್ರೆ ಸಾಕು."