ಯಾರದೂ ಅಲ್ಲದ ಮುಖ

ನಮ್ಮ ಮಾವ ಆವಲಪ್ಪನವರಿಗೆ ದೇವರ ಮೇಲೆ ಎಷ್ಟು ನಂಬಿಕೆಯೋ ಅದಕ್ಕಿಂತ ಒಂದು ಹಿಡಿ ಜಾಸ್ತಿ ನಂಬಿಕೆ ಜನರ ಕಣ್ಣಿನ ಮೇಲೆ. ಈ ಸಲ ಸಾದಲಿ ರಸ್ತೆ ಪಕ್ಕದ ನಮ್ಮ ದ್ರಾಕ್ಷಿ ಚಪ್ಪರ ಗೊಂಚಲುಗಳಿಂದ ಜಗ್ಗುತ್ತಿತ್ತು. ಬಸ್ಸಿನ ಕಿಟಕಿಯಿಂದ ಜನ ಕತ್ತು ಹೊರಗೆ ಹಾಕಿ ನೋಡತೊಡಗಿದ ಮೇಲಂತೂ ಅವರಿಗೆ ಊಟ ರುಚಿಸಲಿಲ್ಲ. "ನರುನಿ ಕಂಟಿಕಿ ನಲ್ಲರಾಯಿ ಕೂಡಾ ಪಗುಲುತುಂದಿ" ಎಂದು ದಿನಕ್ಕೆ ನಾಲ್ಕು ಸಲ ತೆಲುಗಿನಲ್ಲಿ ಹೇಳುವರು. ಮನುಷ್ಯನ ಕಣ್ಣಿಗೆ ಕರಿಬಂಡೆಯೇ ಸೀಳಿಹೋಗುವಾಗ ದ್ರಾಕ್ಷಿ ಯಾವ ಲೆಕ್ಕ ಎಂಬುದು ಅವರ ವಾದ.

ಇದಕ್ಕೆ ಮದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೊದಲು ಸುಣ್ಣದ ಚುಕ್ಕಿ ಇಟ್ಟ ಮಡಕೆ ಇತ್ತು. ಈಗ ತೋಟದ ಮುಂದೆ ಒಬ್ಬ ಹೆಂಗಸಿನ ಫೋಟೊ ಫ್ಲೆಕ್ಸ್ ಮಾಡಿಸಿ ಕಟ್ಟುತ್ತಾರೆ. ದಾರಿಹೋಕರ ಕಣ್ಣು ಬೆಳೆಯ ಮೇಲೆ ಬೀಳುವ ಮೊದಲು ಅವಳ ಮೇಲೆ ಬಿದ್ದು ಅಲ್ಲೇ ಮುಗಿದುಹೋಗಬೇಕು. ಪಕ್ಕದ ಟೊಮೆಟೊ ತೋಟದವರು ಸಿನಿಮಾ ನಟಿಯೊಬ್ಬಳನ್ನು ಕಟ್ಟಿದ್ದರು. ಮಾವನೂ ಅದನ್ನೇ ಕೇಳಿದರು. ಅತ್ತೆ ವೆಂಕಟರತ್ನಮ್ಮ ಮಾತ್ರ ಒಪ್ಪಲಿಲ್ಲ.

"ಯಾವ ತಾಯಿ ಹೆತ್ತ ಮಗಳೋ ಏನೋ. ಊರೋರ ಕಣ್ಣೆಲ್ಲ ತಂದು ಅವಳ ಮೇಲೆ ಹಾಕೋದಾ? ಪಾಪ ಸುತ್ಕೊಳ್ಳುತ್ತೆ, ಬ್ಯಾಡ."

"ಹಂಗಾದ್ರೆ ಯಾರದೂ ಅಲ್ಲದ ಮುಖ ಮಾಡ್ಸಣ ಬಿಡಿ ಅತ್ತೆ. ಫೋನಲ್ಲಿ ಎಐ ಮಾಡ್ಕೊಡುತ್ತೆ. ಭೂಮಿ ಮೇಲೆ ಇಲ್ದೇ ಇರೋರಿಗೆ ದೃಷ್ಟಿ ಆದ್ರೆ ಯಾರಿಗೆ ನಷ್ಟ?" ಎಂದೆ ನಾನು. ಮನೆಯಲ್ಲಿ ಬಿ.ಎಸ್ಸಿ. ಓದಿದ ಸೊಸೆ ನಾನೊಬ್ಬಳೇ. ಆ ಜಂಬ ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ.

ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುತ್ತಾರಲ್ಲ, ಹಾಗೆ ಹುಡುಕಿದೆ. ಪುಕ್ಕಟೆ ಚಿತ್ರ ಬರೆದುಕೊಡುವವು ಸಾಲುಗಟ್ಟಿ ನಿಂತಿದ್ದವು. ಮೊದಲನೆಯದು ಬಾಗಿಲಲ್ಲೇ ನಿಲ್ಲಿಸಿ ಫೋನ್ ನಂಬರು, ಇಮೇಲು, ಹುಟ್ಟಿದ ತಾರೀಖು ಎಲ್ಲ ಕೇಳಿತು. ಹೆಣ್ಣು ನೋಡಲು ಬಂದವರೂ ನನ್ನನ್ನು ಅಷ್ಟು ಕೇಳಿರಲಿಲ್ಲ. ಎಲ್ಲ ಹೇಳಿದ ಮೇಲೆ ಎರಡು ಚಿತ್ರ ಕೊಟ್ಟು, ಮೂಗಿನ ಮೇಲೆ ತನ್ನ ಹೆಸರಿನ ಮುದ್ರೆ ಒತ್ತಿ, ಮೂರನೆಯದಕ್ಕೆ ಕಾಸು ಇಡು ಅಂದಿತು.

ಎರಡನೆಯದು ನನ್ನ ಹೆಸರು ಕೇಳಲಿಲ್ಲ, ನನ್ನ ಮಾತನ್ನೂ ಕೇಳಲಿಲ್ಲ. ದಿಟ್ಟಿಸಿ ನೋಡುವ ಹಳ್ಳಿ ಹೆಂಗಸು ಬೇಕು ಎಂದರೆ ಸೀರೆ ಅಂಗಡಿ ಜಾಹೀರಾತಿನ ಹುಡುಗಿ ನಗುತ್ತಾ ಬಂದಳು. ಮುಖದಲ್ಲಿ ಕೋಪ ಇರಲಿ ಎಂದರೆ ಅವಳೇ ತುಟಿ ಉಬ್ಬಿಸಿಕೊಂಡು ಬಂದಳು. ಕೈಗೆ ಆರು ಬೆರಳು ಬೇರೆ. ನಮ್ಮ ಯಜಮಾನರು ಮೋಹನ್‌ಬಾಬು ಹಿಂದಿನಿಂದ ಬಗ್ಗಿ ನೋಡಿ, "ಇವಳನ್ನ ಕಟ್ಟಿದ್ರೆ ಬಸ್ಸು ಸೀದಾ ನಮ್ಮ ಚಪ್ಪರದೊಳಕ್ಕೇ ಬಂದ್ಬಿಡುತ್ತೆ ಕಣೇ" ಎಂದರು.

ಮೂರನೆಯದು ನಿಧಾನ. ನಿಮ್ಮ ಮುಂದೆ ನಲವತ್ತು ಜನ ಇದ್ದಾರೆ, ಕಾಯಿರಿ ಎನ್ನುತ್ತಿತ್ತು. ಆದರೆ ಮುದ್ರೆ ಒತ್ತುತ್ತಿರಲಿಲ್ಲ, ಕನ್ನಡ ತಿಳಿಯುತ್ತಿತ್ತು, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿತ್ತು. ಇನ್ನೂ ವಿವರವಾಗಿ ಹೇಳಿ, ಚಿತ್ರ ಚೆನ್ನಾಗಿ ಬರುತ್ತದೆ ಎಂದು ಕೇಳುತ್ತಿತ್ತು. ಅದನ್ನೇ ಆರಿಸಿಕೊಂಡೆ.

ನಾನು ಅದಕ್ಕೆ ವಿವರ ಬರೆದದ್ದು ಒಂದು ಸಂಜೆ, ಜಗಲಿಯ ಮೇಲೆ ಕೂತು. ಜಗಲಿಯ ಆ ತುದಿಯಲ್ಲಿ ಎಂದಿನಂತೆ ಪಕ್ಕದ ಮನೆಯ ಅಮ್ಮಾಜಮ್ಮ ಕೂತಿದ್ದರು.

ಅಮ್ಮಾಜಮ್ಮನ ವಿಷಯ ಹೇಳಬೇಕು. ನಾನು ಮದುವೆಯಾಗಿ ಬಂದಾಗ ರೇಷ್ಮೆಹುಳು ಅಂದರೆ ಮಾರು ದೂರ ಓಡುತ್ತಿದ್ದೆ. ಪಕ್ಕದಲ್ಲಿ ಕೂರಿಸಿಕೊಂಡು ಸೊಪ್ಪು ಹಾಕುವುದರಿಂದ ಹಿಡಿದು ಎಲ್ಲ ಕಲಿಸಿದವರು ಅವರು. ಆಗ ಊರಲ್ಲಿ ಅವರ ಕಣ್ಣಿಗೆ ಎಲ್ಲಿಲ್ಲದ ಬೆಲೆ. ಹುಳು ಹಣ್ಣಾಯಿತೇ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡಬಹುದೇ ಎಂದು ಅನುಮಾನ ಬಂದರೆ ಅಮ್ಮಾಜಮ್ಮನನ್ನು ಕರೆಯುವರು. ಅವರು ಒಂದು ಹುಳುವನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಹೊತ್ತು ಸೊಪ್ಪು ಹಾಕಿ ಎಂದರೆ ಹಾಕುವರು. ಐದು ವರ್ಷದ ಹಿಂದೆ ಮುನಿವೆಂಕಟಪ್ಪನವರ ಹುಳುಮನೆಗೆ ಅವರು ಹೋಗಿ ನೋಡಿ ಬಂದ ಎರಡನೇ ದಿನ ಹುಳುವೆಲ್ಲ ರೋಗ ಬಂದು ಸತ್ತವು. ಅದರ ಮರುವರ್ಷ ಅಮ್ಮಾಜಮ್ಮನ ಗಂಡನೂ ತೀರಿಹೋದರು. ಅಲ್ಲಿಗೆ ಊರಿನವರು ಕರೆದು ಹುಳು ತೋರಿಸುತ್ತಿದ್ದ ಅದೇ ಕಣ್ಣು ಕೆಟ್ಟ ಕಣ್ಣಾಯಿತು. ಪೊರೆ ತೆಗೆಸಿ ದಪ್ಪ ಕನ್ನಡಕ ಹಾಕಿದ ಮೇಲೆ ಕಣ್ಣು ಇನ್ನೂ ದೊಡ್ಡದಾಗಿ ಕಾಣತೊಡಗಿ, ಜನಕ್ಕೆ ಹೇಳಿಕೊಳ್ಳಲು ಅನುಕೂಲವೇ ಆಯಿತು.

ಅವರು ಬಂದು ಕೂರುತ್ತಿದ್ದದ್ದು ನಮ್ಮ ಜಗಲಿಗೆ ಮಾತ್ರ. ನಾನು ಕಾಫಿ ಕೊಡುತ್ತಿದ್ದೆ. ಆದರೆ ಅವರು ಗೇಟು ದಾಟುತ್ತಿದ್ದ ಹಾಗೆ ಅತ್ತೆ, "ಕೂಸಿಗೆ ನಿದ್ದೆ ಹೊತ್ತು" ಎಂದು ನನ್ನ ಒಂದೂವರೆ ವರ್ಷದ ಮಗಳು ಅಮೃತಳನ್ನು ಒಳಗೆ ಎತ್ತಿಕೊಂಡು ಹೋಗುವರು. ನಾನು ಒಂದು ದಿನವೂ ಬೇಡ ಅನ್ನಲಿಲ್ಲ.

"ಏನಮ್ಮ ಅಷ್ಟೊಂದು ಬರೀತಿದ್ದೀಯ?" ಎಂದು ಅವತ್ತು ಕೇಳಿದರು.

"ಏನೂ ಇಲ್ಲ ದೊಡ್ಡಮ್ಮ, ತೋಟಕ್ಕೊಂದು ಫೋಟೊ" ಎಂದೆ.

ಚಿತ್ರ ಬಂತು. ನನ್ನ ಫೋನಿನ ಗಾಜು ಒಡೆದಿದೆ, ಅದರಲ್ಲಿ ಮುಖ ಹೆಬ್ಬೆರಳಿನಷ್ಟು. ಕಣ್ಣು ಜೋರಾಗಿವೆ, ಸಾಕು ಅನ್ನಿಸಿತು. ಚಿಕ್ಕಬಳ್ಳಾಪುರಕ್ಕೆ ಕೆಲಸಕ್ಕೆ ಹೋಗುವ ಮೋಹನ್‌ಬಾಬು ಅದನ್ನು ದಾರಿಯಲ್ಲಿ ಶಿಡ್ಲಘಟ್ಟದ ಫ್ಲೆಕ್ಸ್ ಅಂಗಡಿಗೆ ಕೊಟ್ಟು ಸಂಜೆ ಸುರುಳಿ ತಂದರು. ಮಾವ ಬೆಳಿಗ್ಗೆ ಎದ್ದವರೇ ಒಬ್ಬರೇ ಹೋಗಿ ಕಟ್ಟಿಬಂದರು.

ಹಾಲು ಹಾಕಲು ಡೈರಿಗೆ ಹೋಗಿದ್ದ ಅತ್ತೆ ಕ್ಯಾನು ಕೆಳಗಿಡುವ ಮೊದಲೇ ಕೂಗಿದರು. "ಏನೇ ಕವಿತ, ಅಮ್ಮಾಜಮ್ಮನ್ನ ತಗೊಂಡೋಗಿ ತೋಟಕ್ಕೆ ಕಟ್ಟಿದ್ದೀಯಲ್ಲೇ! ಡೈರಿ ತಾವ ಎಲ್ಲರ ಬಾಯಲ್ಲೂ ಅದೇ."

ನಾನು ಚಪ್ಪಲಿ ಹಾಕದೆ ಓಡಿದೆ. ನಾಲ್ಕಡಿಯ ಫ್ಲೆಕ್ಸಿನಲ್ಲಿ ದಪ್ಪ ಕನ್ನಡಕ, ತಲೆ ಮೇಲೆ ಕಂದು ಸೆರಗು, ಬರಿ ಹಣೆಯಲ್ಲಿ ಹಚ್ಚೆಯ ಹಸಿರು ಚುಕ್ಕೆ. ಮೂಗು ಬೇರೆ, ಗಲ್ಲ ಬೇರೆ. ಆದರೂ ಅದು ಅಮ್ಮಾಜಮ್ಮನೇ. ಬಸ್ಸೊಂದು ನಿಂತು ಹೊರಟಿತು, ಕಿಟಕಿಯಲ್ಲಿ ಯಾರೋ ನಕ್ಕರು.

"ಒಳ್ಳೇದೇ ಆಯ್ತು ಬಿಡಮ್ಮ. ಆ ಕಣ್ಣಿಗೆ ಎದುರಾಗೋ ಕಣ್ಣು ಈ ತಾಲೂಕಲ್ಲೇ ಇಲ್ಲ" ಎಂದರು ಮಾವ, ಸಂತೋಷದಿಂದಲೇ. ಫೋನಿನಲ್ಲಿ ಮೋಹನ್‌ಬಾಬು, "ಮಿಷನ್ನು ಬರೆದಿದ್ದಕ್ಕೆ ನಾವೇನು ಮಾಡಣ? ಯಾರೋ ಒಬ್ಬರ ಥರ ಕಂಡೇ ಕಾಣುತ್ತೆ" ಎಂದರು. ಆ ಮಾತು ನನಗೆ ಆಸರೆಯಾಯಿತು. ಹೌದಲ್ಲ, ಮಿಷನ್ನಿಗೆ ಅಮ್ಮಾಜಮ್ಮ ಎಲ್ಲಿ ಗೊತ್ತು? ಹಾಗಂದುಕೊಂಡೇ ಫೋನು ತೆಗೆದು ನೋಡಿದೆ. ನಾನು ಬರೆದದ್ದು ಹಾಗೇ ಇತ್ತು.

"ಅರವತ್ತರ ಹತ್ತಿರದ ಹಳ್ಳಿ ಹೆಂಗಸು. ದಪ್ಪ ಕನ್ನಡಕ, ಒಳಗೆ ದೊಡ್ಡ ಕಣ್ಣು. ಹಣೆಗೆ ಕುಂಕುಮ ಇಲ್ಲ, ಹಸಿರು ಹಚ್ಚೆ ಚುಕ್ಕೆ. ತಲೆ ಮೇಲೆ ಕಂದು ಸೆರಗು. ರೆಪ್ಪೆ ಮಿಟುಕಿಸದೆ ನೋಡುತ್ತಿರಬೇಕು. ನೋಡಿದ ತಾಯಿಗೆ ಮಗುವನ್ನು ಒಳಗೆ ಎತ್ತಿಕೊಂಡು ಹೋಗೋಣ ಅನ್ನಿಸಬೇಕು."

ಪಾಪ, ಮಿಷನ್ನು ಹೇಳಿದ್ದನ್ನು ಕೇಳಿತ್ತು. ಕೆಟ್ಟ ಕಣ್ಣಿನ ಹೆಂಗಸು ಹೇಗಿರುತ್ತಾಳೆ ಎಂದು ಅದು ಕೇಳಿದಾಗ ನನಗೆ ಯೋಚಿಸುವ ಕೆಲಸವೇ ಬಿದ್ದಿರಲಿಲ್ಲ. ತಲೆ ಎತ್ತಿ ನೋಡಿ ಬರೆದಿದ್ದೆ. ನನಗೆ ಕೈ ಹಿಡಿದು ಕೆಲಸ ಕಲಿಸಿದವರು ಅವರು.

ಬಳ್ಳಿ ಸವರುವ ಕತ್ತರಿಯಿಂದ ದಾರ ಕತ್ತರಿಸಿ ಫ್ಲೆಕ್ಸ್ ಕೆಳಗಿಳಿಸಿದೆ. ಮಾವ ಕೂಗಾಡಿದರು. "ಬೆಳೆ ಹೋದ್ರೆ ನಿಮ್ಮಪ್ಪ ಬಂದು ಕೊಡ್ತಾನಾ?" ಎಂದರು. ನನಗೂ ರೇಗಿತು. "ನಿಮಗೆ ದಿಟ್ಟಿಸೋ ಮುಖ ತಾನೇ ಬೇಕು? ನಂದೇ ಕಟ್ಟಿ!" ಎಂದು ಅಲ್ಲೇ ಕಣ್ಣು ಬಿಟ್ಟುಕೊಂಡು ಸೆಲ್ಫಿ ತೆಗೆದು ಅದೇ ಮೂರನೆಯದಕ್ಕೆ ಕೊಟ್ಟೆ. ಅದು ಕಣ್ಣನ್ನು ಇನ್ನಷ್ಟು ಅಗಲ ಮಾಡಿ ಕೊಟ್ಟಿತು. ನೋಡಿದ ಮೋಹನ್‌ಬಾಬು, "ಇದಕ್ಕೆ ಎಐ ಯಾಕೆ ಬೇಕಿತ್ತು, ಇದ್ದಂಗೇ ಕಟ್ಟಿದ್ರೆ ಸಾಕಿತ್ತು" ಎಂದರು. ಎರಡನೇ ದಿನ ನನ್ನ ಮುಖ ತೋಟಕ್ಕೆ ಏರಿತು.

ಫ್ಲೆಕ್ಸ್ ಇಳಿಸಿದ ದಿನದಿಂದ ಮೂರು ಸಂಜೆಯೂ ಅಮ್ಮಾಜಮ್ಮ ಜಗಲಿಗೆ ಬರಲಿಲ್ಲ. ಒಂದೇ ಗೋಡೆ ಆಚೆಗಿನ ಮನೆಗೆ ಹೋಗಲು ನನಗೆ ಧೈರ್ಯವೂ ಬರಲಿಲ್ಲ. ನಾಲ್ಕನೇ ದಿನ ಅಮೃತಳನ್ನು ಸೊಂಟಕ್ಕೇರಿಸಿಕೊಂಡು ಹೊರಟೆ. ಅತ್ತೆ ಬಾಗಿಲಲ್ಲಿ ನಿಂತು, "ಕೂಸು ಯಾಕೆ?" ಎಂದರು. ನಾನು ನಿಲ್ಲದೆ ಗೇಟು ದಾಟಿದೆ.

ಅಮ್ಮಾಜಮ್ಮ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ತಲೆ ಎತ್ತಿದವರು ಮಗುವನ್ನು ಕಂಡ ಕೂಡಲೇ ಮತ್ತೆ ಬಗ್ಗಿಸಿದರು.

"ದೊಡ್ಡಮ್ಮ, ಅದನ್ನ ತೆಗೆದ್ಬಿಟ್ಟೆ" ಎಂದೆ.

"ಗೊತ್ತಮ್ಮ. ತೆಗೆಯೋಕೆ ಮುಂಚೆ ನಾನೂ ಹೋಗಿ ನೋಡ್ದೆ. ಕನ್ನಡಕ ಚೆನ್ನಾಗಿ ಬಂದಿತ್ತು." ಕಲ್ಲಿನಿಂದ ಇನ್ನೊಂದು ಹಣ್ಣು ಕುಟ್ಟಿದರು. "ಈಗ ನಿನ್ನ ಮುಖ ಕಟ್ಟಿದ್ದೀಯಂತೆ. ತೆಗೆಸ್ಬಿಡಮ್ಮ. ಎಳೇ ಕೂಸಿನ ತಾಯಿ ನೀನು. ದಾರಿಯೋರ ಕಣ್ಣೆಲ್ಲ ನಿನ್ನ ಮೇಲೆ ಯಾಕೆ ಬೀಳ್ಬೇಕು?"

ಬೈದಿದ್ದರೆ ಚೆನ್ನಾಗಿತ್ತು. ನಾನು ಅವರ ಎದುರು ನೆಲದ ಮೇಲೆ ಕೂತೆ. "ಮಿಷನ್ನು ತಾನಾಗಿ ಮಾಡಿದ್ದಲ್ಲ ದೊಡ್ಡಮ್ಮ. ನಾನೇ ಹಂಗೆ ಬರೆದಿದ್ದೆ. ನಿಮ್ಮನ್ನ ನೋಡ್ಕೊಂಡೇ ಬರೆದಿದ್ದೆ."

"ಏನಂತ ಬರೆದಿದ್ದೆ? ಓದು, ಕೇಳಣ."

ಓದಿದೆ. ಕನ್ನಡಕ, ಹಚ್ಚೆ, ಸೆರಗು, ರೆಪ್ಪೆ. ಕೊನೆಯ ಸಾಲಿಗೆ ಬಂದು ನಿಲ್ಲಿಸಿದೆ.

"ಅಷ್ಟೇನಾ?"

ಅದನ್ನೂ ಓದಿದೆ. ಅವರು ಕೈಯಲ್ಲಿದ್ದ ಕಲ್ಲನ್ನು ಪಕ್ಕಕ್ಕಿಟ್ಟರು.

"ಪರ್ವಾಲೇದು ಬಿಡಮ್ಮ" ಎಂದರು ಆಮೇಲೆ. "ಊರೋರು ಮನಸಲ್ಲಿ ಬರ್ಕೊಂಡಿರೋದ್ನ ನೀನು ಫೋನಲ್ಲಿ ಬರೆದೆ. ಬಂದು ಹೇಳ್ದೋಳು ನೀನೊಬ್ಳೇ."

ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಅಮೃತಳನ್ನು ಸೊಂಟದಿಂದ ಇಳಿಸಿ ಅವರ ಮುಂದೆ ನಿಲ್ಲಿಸಿದೆ. "ಎತ್ಕೊಳಿ ದೊಡ್ಡಮ್ಮ."

"ಬ್ಯಾಡಮ್ಮ. ವೆಂಕಟರತ್ನಮ್ಮ ಏನಂದ್ಕೊಳ್ತಾಳೆ."

"ಇವಳು ನನ್ನ ಮಗಳು. ಎತ್ಕೊಳಿ."

ಅವರು ಹುಣಸೆ ಅಂಟಿದ ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಂಡರು. ಕನ್ನಡಕ ತೆಗೆದು ಮೊರದ ಮೇಲಿಟ್ಟರು. ಆಮೇಲೆ ಎರಡೂ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು, ಕುರುಡರ ಹಾಗೆ ಗಾಳಿಯಲ್ಲಿ ಕೈ ಚಾಚಿ, ತಡಕಿ, ನನ್ನ ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು.

"ಕಣ್ಣು ಬಿಡಿ ದೊಡ್ಡಮ್ಮ" ಎಂದೆ.

"ಹಿಂಗೇ ಇರ್ಲಿ ಬಿಡಮ್ಮ. ಕೂಸು ಚೆನ್ನಾಗಿರ್ಲಿ."

ಅಮೃತ ಅವರ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಇದು ಕಣ್ಣಾಮುಚ್ಚಾಲೆ ಅನ್ನಿಸಿರಬೇಕು. ಕೇಕೆ ಹಾಕಿ ನಕ್ಕು, ಎರಡೂ ಕೈಯ ಬೆರಳಿನಿಂದ ಮುಚ್ಚಿದ ಆ ರೆಪ್ಪೆಗಳನ್ನು ಮೇಲಕ್ಕೆ ಎತ್ತಿದಳು.