ತೊಳೆದಿಟ್ಟ ಬಾಟಲಿ

ಅತ್ತಿಗೆ ಹಳೇ ಔಷಧಿ ಬಾಟಲಿಯಲ್ಲಿ ತಂದಿದ್ದ ನಲ್ಲಿ ನೀರಿಗೆ, ಪ್ರಯೋಗಾಲಯದ ಮೇಜಿನ ಬಳಿ ನಾದಿನಿ ನಾಲ್ಕು ಹನಿ ದ್ರಾವಣ ಬಿಟ್ಟಳು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು.

"ಗಂಡೋ ಹೆಣ್ಣೋ ಅನ್ನೋದನ್ನೂ ಹೇಳುತ್ತಾ ಇದು?" ಎಂದು ತುಂಬು ಬಸುರಿ ಅತ್ತಿಗೆ ನಕ್ಕಳು.

ನಾದಿನಿ ನಗಲಿಲ್ಲ. ನೀರಿನಲ್ಲಿ ಪಾದರಸವಿದ್ದರೆ ಮಾತ್ರ ಆ ಬಣ್ಣ. ಊರಿಗೆ ನೀರು ಬರುವ ನದಿಯ ಮೇಲ್ಭಾಗದಲ್ಲಿ ಪಾದರಸ ಬಳಸುವ ಬಲ್ಬ್ ಕಾರ್ಖಾನೆ ಶುರುವಾದಾಗಿನಿಂದ ಬೀದಿ ನಲ್ಲಿಯ ನೀರನ್ನು ಈ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಿದ್ದವಳು ಅವಳೇ. ಒಮ್ಮೆಯೂ ಬಣ್ಣ ಬಂದಿರಲಿಲ್ಲ. ಅತ್ತಿಗೆ ಅನುಮಾನಪಟ್ಟಾಗಲೆಲ್ಲ, ನಾನೇ ನೋಡಿದ್ದೀನಿ, ಧೈರ್ಯವಾಗಿ ಕುಡಿ ಎಂದಿದ್ದವಳೂ ಅವಳೇ. ಇವತ್ತು ಅತ್ತಿಗೆಯ ಬಾಯಿ ಮುಚ್ಚಿಸಲೆಂದೇ ಮನೆಯಿಂದ ನೀರು ತರಿಸಿದ್ದಳು.

ನಲ್ಲಿ ಅದೇ, ನೀರು ಅದೇ. ಬಾಟಲಿ ಮಾತ್ರ ಬೇರೆ. ಪ್ರಯೋಗಾಲಯದ ಬಾಟಲಿಗಳನ್ನು ಅವಳು ಫಳಫಳ ಹೊಳೆಯುವಂತೆ ಉಜ್ಜಿಡುತ್ತಿದ್ದಳು, ಚೆಲ್ಲಿದ ಪಾದರಸ ಹೀರುವ ಪುಡಿಯ ಜಾಡಿಗಳನ್ನು ಉಜ್ಜುವ ಬ್ರಷ್ಷಿನಿಂದಲೇ. ಸಿಂಕಿನ ಬಳಿ ಹೋಗಿ ಬ್ರಷ್ಷಿನ ಕೂದಲು ಬಿಡಿಸಿ ನೋಡಿದಳು. ಬುಡದಲ್ಲಿ ಪುಡಿ ಹಿಟ್ಟಿನಂತೆ ಕೂತಿತ್ತು. ಬಾಟಲಿಗೆ ಅಂಟಿದ ಆ ಪುಡಿ, ಪರೀಕ್ಷೆಗೆ ಮೊದಲೇ ಪಾದರಸವನ್ನು ನುಂಗಿಬಿಡುತ್ತಿತ್ತು. ಶುದ್ಧವಾಗುತ್ತಿದ್ದದ್ದು ಬಾಟಲಿಯ ನೀರಷ್ಟೇ.

ಮೇಲಧಿಕಾರಿ ಎಲ್ಲ ಕೇಳಿಸಿಕೊಂಡು, ಎದ್ದು ಬಾಗಿಲು ಮುಚ್ಚಿದ. ಆದದ್ದು ಆಯಿತು, ನಾಳೆಯಿಂದ ಬೇರೆ ಬ್ರಷ್ ಇಟ್ಟುಕೋ, ಜನರಲ್ಲಿ ಗಾಬರಿ ಹುಟ್ಟಿಸಬೇಡ ಎಂದ. ಅವನ ಮನೆಗೆ ಬರುತ್ತಿದ್ದದ್ದು ಕ್ಯಾನ್ ನೀರು.

ಹೊರಗೆ ಬೆಂಚಿನಲ್ಲಿ ಕೂತಿದ್ದ ಅತ್ತಿಗೆಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಅತ್ತಿಗೆ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.

"ಕೇಳಿದಾಗೆಲ್ಲ ಕುಡಿ ಅಂದ್ಯಲ್ಲೇ."

"ಅಂದೆ."

ಅತ್ತಿಗೆ ಗೋಡೆ ಹಿಡಿದು ಎದ್ದಳು. "ನನಗೇನೋ ಹೇಳಿದೆ. ನಲ್ಲಿ ಹತ್ರ ನಿಂತಿರೋರಿಗೆ ಯಾರು ಹೇಳ್ತಾರೆ, ನಿಮ್ಮ ಸಾಹೇಬ್ರಾ?"

ಬೀದಿಯಲ್ಲಿ ಕೊಡಗಳ ಸಾಲು ತಿರುವಿನವರೆಗೂ ಇತ್ತು. ಎಲ್ಲರೂ 'ನೀರಿನಕ್ಕ' ಎಂದೇ ಕರೆಯುತ್ತಿದ್ದ ನಾದಿನಿಯನ್ನು ಕಂಡು ಹೆಂಗಸರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನಲ್ಲಿಗೆ ಕೊಡ ಹಿಡಿದಿದ್ದ ದರ್ಜಿಯ ಹೆಂಡತಿ, ನಿನ್ನ ಪುಣ್ಯ ಕಣೇ, ಮಕ್ಕಳಿಗೆ ನಿಶ್ಚಿಂತೆಯಾಗಿ ಕುಡಿಸ್ತೀನಿ ಎಂದಳು.

ಅವಳು ನಲ್ಲಿಯನ್ನು ತಿರುಗಿಸಿ ನಿಲ್ಲಿಸಿ, ಕೈಯನ್ನು ಅದರ ಮೇಲೇ ಇಟ್ಟುಕೊಂಡಳು. ಕೊಡ ಅರ್ಧ ತುಂಬಿತ್ತು. ದರ್ಜಿಯ ಹೆಂಡತಿ ಇನ್ನೂ ನಗುಮುಖದಲ್ಲೇ, ಆ ಕೈ ಪಕ್ಕಕ್ಕೆ ಸರಿಯಲೆಂದು ಕಾಯುತ್ತ ನಿಂತಿದ್ದಳು.